ಬೀಡಿಗೆ ಎಣ್ಣೆ ಬೇಡ

ಭೋಸರಿ, ಪುಣೆ
೨ ಸೆಪ್ಟೆಂಬರ್ ೨೦೨೩

ಪೂಜ್ಯ ಮಾವನವರಿಗೆ ನಿಮ್ಮ ಸೊಸೆ ನೀತಾಳ ನಮಸ್ಕಾರಗಳು.

ನಿನ್ನೆ ಫೋನು ಮಾಡಿದಾಗ "ಆರಾಮದೀರೇನ್ರಿ", "ಆರಾಮವ್ವಾ", "ಮಳಿ ಆತೇನ್ರಿ", "ಆತವ್ವಾ" ಎಂಬಲ್ಲಿಗೆ ನಮ್ಮ ಮಾತು ಮುಗಿಯಿತು. ನಿಮ್ಮ ಮಗ, ನನ್ನ ಅಭಿಲಾಷ, ತೀರಿಹೋದಾಗಿನಿಂದ ಫೋನಿನಲ್ಲಿ ನಮ್ಮಿಬ್ಬರದೂ ಇದೇ ಹಾಡು. ಆ ಕಡೆ ನೀವು ಗಂಟಲು ಸರಿಮಾಡಿಕೊಳ್ಳುತ್ತೀರಿ, ಈ ಕಡೆ ನಾನು ಗೋಡೆ ನೋಡುತ್ತೇನೆ. ಕಾಗದದಲ್ಲಾದರೆ ನೀವು ಬೈಯುತ್ತೀರಿ, ಚೇಷ್ಟೆ ಮಾಡುತ್ತೀರಿ, ಹಳೆಯ ಪುಣೆಯ ಕಥೆ ಹೇಳುತ್ತೀರಿ. ಹಾಗಾಗಿ ಮತ್ತೆ ಕಾಗದ.

ಈಗ ಕೆಲಸದ ಮಾತು. ಚಾಕಣದ ಕಾರ್ಖಾನೆಯಿಂದ ಹೊಸ ನಮೂನೆಯ ಪಂಪಿನ ಬಾಡಿಗಳು ಬರಲಿವೆ, ಎಲ್ಲ ಬೀಡು ಕಬ್ಬಿಣದವು. ಅವನ್ನು ಹಿಡಿದು ನಿಲ್ಲಿಸುವ ಚೌಕಟ್ಟು ನಮ್ಮ ಡ್ರಿಲ್ಲಿಂಗ್ ಮಶೀನಿನ ಮೇಜಿನ ಮೇಲೆ ಕೂರುವುದಿಲ್ಲ. ಮೇಜಿಗೇ ನಾಲ್ಕು ತೂತು ಹೊಡೆದು, ಒಳಗೆ ತಿರುಪಿನ ಥ್ರೆಡ್ ಹಾಕಿ, ಬೋಲ್ಟು ಬಿಗಿಯಬೇಕು. ಕೆಳಗೆ ಅಡ್ಡಪಟ್ಟಿ ಇರುವುದರಿಂದ ತೂತು ಆರಪಾರ ಹೋಗುವಂತಿಲ್ಲ, ನಡುವೆಯೇ ನಿಲ್ಲಬೇಕು. ನೀವು ತಂದ ಮಶೀನು. ನಿಮ್ಮನ್ನು ಕೇಳದೆ ಅದರ ಮೈಗೆ ಡ್ರಿಲ್ ಇಡಲು ಕೈ ಬರುತ್ತಿಲ್ಲ. ಅಲ್ಲದೆ ಮಶೀನು ತನ್ನ ಮೇಜನ್ನು ತಾನೇ ಕೊರೆದುಕೊಳ್ಳಲಾರದು. ಕೈ ಡ್ರಿಲ್ಲು, ಥ್ರೆಡ್ ಕೊರೆಯಲು ಕೈ ಟ್ಯಾಪೇ ಆಗಬೇಕು, ಅದು ಅಭಿಲಾಷನ ಕೆಲಸವಾಗಿತ್ತು.

ಮಾಧುರಿ ಅಕ್ಕ ಮೊನ್ನೆಯೂ ಹೇಳಿದರು, "ಶೆಡ್ ಕೊಟ್ಟಬಿಡ ನೀತಾ. ಮಗರಪಟ್ಟಾದ ಹಳೇ ಆಫೀಸಿಗೆ ತಿರುಗಿ ಹೋಗು. ಮಾರಿ ಕರ್ರಗ ಮಾಡಿಕೊಂಡು ಯಾಕ ದುಡೀತಿ." ನಿಮ್ಮ ಮಗಳು ನನ್ನ ಒಳ್ಳೆಯದಕ್ಕೇ ಹೇಳುತ್ತಾರೆ. ಆದರೆ ಶೆಡ್ಡು ಹೋದರೆ ನಿಮಗೆ ನಾನು ಏನೆಂದು ಬರೆಯಲಿ? ಗಂಡನಿಲ್ಲ, ಮಕ್ಕಳಿಲ್ಲ, ತವರಿನಲ್ಲಿ ಹಿರಿಯರಿಲ್ಲ. ನನಗೆ ಅಂತ ಉಳಿದಿರುವ ದೊಡ್ಡವರು ನೀವೊಬ್ಬರೇ. ನಿಮ್ಮನ್ನೂ ಕಳೆದುಕೊಂಡು ಆಫೀಸಿನ ತಂಪಿನಲ್ಲಿ ಕೂರಲು ನನಗೆ ಮನಸ್ಸಿಲ್ಲ.

ನಿಮ್ಮ ಸೊಸೆ,
ನೀತಾ


ಬೆಳಗಾವಿ
೧೧ ಸೆಪ್ಟೆಂಬರ್ ೨೦೨೩

ಚಿ. ನೀತಾಳಿಗೆ ಮಾವ ಸಿದ್ದಾರೂಢನ ಆಶೀರ್ವಾದ.

ಮಶೀನಿಗೆ ತೂತು ಹೊಡೆಯಲು ಅಪ್ಪಣೆ ಕೇಳಿದ ಮೊದಲ ಫಿಟ್ಟರ್ ನೀನೇ ಇರಬೇಕು. ಹೊಡೆ. ಮೈಗೆ ಗಾಯವಾಗದ ಮಶೀನು ಅಂಗಡಿಯಲ್ಲಿ ಮಾತ್ರ ಇರುತ್ತದೆ.

ಹನ್ನೆರಡು ಎಂಎಂ ಬೋಲ್ಟಿಗೆ ಹತ್ತು ಪಾಯಿಂಟ್ ಎರಡರ ಡ್ರಿಲ್. ಬೀಡಿನ ಮೇಲ್ಮೈ ಗಟ್ಟಿ, ಮೊದಲು ಕಿರುಚುತ್ತದೆ, ಆಮೇಲೆ ತಾನೇ ಸುಮ್ಮನಾಗುತ್ತದೆ, ಥೇಟ್ ನಿನ್ನ ಅತ್ತೆ ಬಸವಣ್ಣೆವ್ವ. ಪುಡಿಯನ್ನು ಬಾಯಿಂದ ಊದಬೇಡ, ಕಣ್ಣಿಗೆ ಬೀಳುತ್ತದೆ. ಸೈಕಲ್ ಪಂಪಿನಿಂದ ಊದು. ಟ್ಯಾಪು ಮೂರರ ಜೋಡಿ. ಮೂತಿ ಚೂಪಾದದ್ದು ಮೊದಲು ದಾರಿ ಮಾಡುತ್ತದೆ, ಎರಡನೆಯದು ತುಂಬಿಕೊಳ್ಳುತ್ತದೆ, ಮೂರನೆಯದು ತಳ ಮುಟ್ಟುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಬಿಗಿಯಾಯಿತೆಂದು ಜೋರು ಮಾಡಿದರೆ ಟ್ಯಾಪ್ ಒಳಗೇ ಮುರಿಯುತ್ತದೆ. ಮುರಿದ ಟ್ಯಾಪ್ ತೆಗೆಯುವುದಕ್ಕಿಂತ ದಾಯಾದಿಗಳ ಕೋರ್ಟ್ ಕೇಸ್ ಬಿಡಿಸುವುದು ಸುಲಭ.

ಎಣ್ಣೆ ಮಾತ್ರ ಹಾಕಬೇಡ. ಉಕ್ಕಿಗೆ ಎಣ್ಣೆ ಬೇಕು, ಬೀಡಿಗೆ ಬೇಡ. ಅದರ ಮೈಯೊಳಗೇ ಪೆನ್ಸಿಲ್ಲಿನ ಸೀಸದಂಥ ಕಪ್ಪು ಇರುತ್ತದೆ, ಅದೇ ಅದಕ್ಕೆ ಕೀಲೆಣ್ಣೆ. ಎಣ್ಣೆ ಬಿದ್ದರೆ ಪುಡಿಯೆಲ್ಲ ಅಂಟಾಗಿ ಟ್ಯಾಪನ್ನು ಹಿಡಿದುಕೊಳ್ಳುತ್ತದೆ.

ಆ ಮಶೀನು ಮನೆಗೆ ಬಂದ ದಿನ ನಿನಗೆ ಗೊತ್ತಿಲ್ಲ. ಸದಾಶಿವ ಪೇಠದ ವಾಡೆಯಲ್ಲಿ, ಹತ್ತಾರು ಬಾಡಿಗೆ ಸಂಸಾರಗಳ ನಡುವೆ, ನಮ್ಮದು ಒಂದೇ ಕೋಣೆ. ಪುಣೆ ಎಂದರೆ ಆಗ ಸೈಕಲ್ಲು. ಬೆಳಿಗ್ಗೆ ಲಕ್ಷ್ಮೀ ರೋಡಿನಲ್ಲಿ ಗಂಟೆಗಳ ಸದ್ದಿಗೆ ಎಚ್ಚರವಾಗುತ್ತಿತ್ತು. ನಾನೂ ಸೈಕಲ್ ತುಳಿದು ಕಾರ್ಖಾನೆಗೆ ಹೋಗಿ, ಸಂಜೆ ಅಂಗಿಯ ತುಂಬ ಬೀಡಿನ ಪುಡಿ ಹೊತ್ತು ಬರುತ್ತಿದ್ದೆ. ಮುಚ್ಚಿದ ಒಂದು ಮಿಲ್ಲಿನಿಂದ ಈ ಮಶೀನು ಕೊಂಡು, ಹಾತಗಾಡಿಯಲ್ಲಿ ಹಾಕಿ ತಳ್ಳಿಕೊಂಡು ತಂದೆ. ವಾಡೆಯ ಬಾಗಿಲಲ್ಲಿ ಬಸವಣ್ಣೆವ್ವ ಆರತಿ ಹಿಡಿದು ನಿಂತಿದ್ದಳು. ಮನೆಯ ಮಾಲೀಕ ಬಾಯಿಬಾಯಿ ಬಡಿದುಕೊಂಡ, "ಅಹೋ, ಹೇ ಕಾಯ, ಜಮೀನ ಖಚೇಲ." ಮರುದಿನವೇ ಭೋಸರಿಯಲ್ಲಿ ಶೆಡ್ಡು ಹುಡುಕಬೇಕಾಯಿತು. ಹೀಗೆ ನಾನು ಮಾಲೀಕನಾದದ್ದು ಮತ್ತೊಬ್ಬ ಮಾಲೀಕನ ನೆಲ ಕುಸಿಯುತ್ತದೆಂದು.

ಮಾಧುರಿಯ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ಶೆಡ್ಡಿನ ಬೋರ್ಡಿನ ಮೇಲೆ ನನ್ನ ಮಗನ ಹೆಸರು ಇರುವವರೆಗೆ ನನಗೆ ಊಟ ರುಚಿಸುತ್ತದೆ.

ನಿನ್ನ ಮಾವ


ಭೋಸರಿ
೨೪ ಅಕ್ಟೋಬರ್ ೨೦೨೩, ದಸರಾ

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಾಲ್ಕೂ ತೂತು ಆದವು. ಮೊದಲನೆಯದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಎರಡನೆಯದರಲ್ಲಿ ಟ್ಯಾಪ್ ಬಿಗಿಯಾದಾಗ ನಿಮ್ಮ ಕೋರ್ಟ್ ಕೇಸು ನೆನಪಾಗಿ ಹಿಂದೆ ತಿರುಗಿಸಿದೆ. ಬೋಲ್ಟು ಕೈಯಲ್ಲೇ ತಳದವರೆಗೆ ಇಳಿಯುತ್ತದೆ. ಅಭಿಲಾಷ ಇದ್ದಿದ್ದರೆ ಕಿರುಬೆರಳು ಹಾಕಿ ನೋಡಿ, "ನಡೀತದ" ಎನ್ನುತ್ತಿದ್ದ. ಅವನ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ನಿನ್ನೆ ಖಂಡೇನವಮಿ. ಅತ್ತೆಯವರು ಮಾಡುತ್ತಿದ್ದಂತೆಯೇ ಪೂಜೆ ಮಾಡಿದೆ. ಮಶೀನಿಗೆ ಚೆಂಡು ಹೂವಿನ ಮಾಲೆ, ಅರಿಶಿನ ಕುಂಕುಮ, ಮತ್ತೆ ತೂತು ತೂತಿಗೂ ಒಂದೊಂದು ಚಮಚ ಎಣ್ಣೆ. ಹೊಸ ನಾಲ್ಕಕ್ಕೂ ತುಂಬಿದೆ. ಅವರ ಮಾತು ನನ್ನ ಕಿವಿಯಲ್ಲೇ ಇತ್ತು, "ವರ್ಷಪೂರ್ತಿ ಒಣಾ ದುಡೀತದ, ಇವತ್ತರೆ ಎಣ್ಣಿ ಕುಡೀಲಿ." ಶೆಡ್ಡಿನಲ್ಲಿ ಒಬ್ಬಳೇ ನಿಂತು ಆ ಮಾತನ್ನು ಜೋರಾಗಿ ಹೇಳಿದೆ. ಹೇಳಿ ಅತ್ತುಬಿಟ್ಟೆ.

ಬನ್ನಿ ಎಲೆ ಇದರೊಳಗೆ ಇಟ್ಟಿದ್ದೇನೆ. ನಾವು ಬಂಗಾರದ ಹಾಗೆ ಇರೋಣ.

ನಿಮ್ಮ ಸೊಸೆ,
ನೀತಾ


ಬೆಳಗಾವಿ
೨ ನವೆಂಬರ್ ೨೦೨೩

ಚಿ. ನೀತಾಳಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಎರಡು ದಿನ ಬೇರೆ ಏನೂ ತಲೆಗೆ ಹೋಗಲಿಲ್ಲ. ಬಸವಣ್ಣೆವ್ವನ ಆ ಮಾತು ನಾನು ಮರೆತೇಬಿಟ್ಟಿದ್ದೆ. ಅವಳು ಎಣ್ಣೆ ಹಾಕುವುದು, ಅದು ಮೇಜಿನ ತೂತುಗಳಿಂದ ಕೆಳಗೆ ಸುರಿಯುವುದು, ಮರುದಿನ ನಾನು ಜಾರಿ ಬೀಳುವುದು, ಇದು ಪ್ರತಿ ವರ್ಷದ ಹಬ್ಬ. "ನೋಡಿ ನಡೀಬೇಕ್ರಿ" ಎನ್ನುತ್ತಿದ್ದಳು, ತಾನು ಚೆಲ್ಲಿಲ್ಲ ಎಂಬಂತೆ. ನನ್ನ ಅಂಗಿಗಳನ್ನು ಅವಳು ಒಗೆಯುವ ಮೊದಲು ಕಲ್ಲಿಗೆ ಬಡಿಯುತ್ತಿದ್ದಳು. ಬೀಡಿನ ಪುಡಿಯ ಮೇಲೆ ನೀರು ಬಿದ್ದರೆ ಬಟ್ಟೆಗೆ ತುಕ್ಕಿನ ಕಲೆ. ಧೂಳು ಝಾಡಿಸುವಾಗ ವಾಡೆಯ ಹೆಂಗಸರೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಬಡಿತದ ಸದ್ದು ಇದ್ದರೆ ನಾನು ಪುಣೆಯಲ್ಲಿದ್ದೇನೆ ಅನ್ನಿಸುತ್ತಿತ್ತು. ಇಲ್ಲಿ ಮಾಧುರಿಯ ಮನೆಯಲ್ಲಿ ಬಟ್ಟೆ ಮಶೀನೇ ಒಗೆಯುತ್ತದೆ, ಮುಗಿದಾಗ ಒಂದು ಹಾಡು ಹೇಳುತ್ತದೆ.

ನೀನು ಅವಳ ಪದ್ಧತಿ ಇಟ್ಟುಕೊಂಡೆ. ನನ್ನ ಮನೆ ಪುಣೆಯಲ್ಲಿ ಇನ್ನೂ ಇದೆ ಎಂದು ಧೈರ್ಯವಾಯಿತು.

ನಿನ್ನ ಮಾವ


ಭೋಸರಿ
೨೦ ನವೆಂಬರ್ ೨೦೨೩

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಒಂದು ಕೆಟ್ಟ ಸುದ್ದಿ, ಆದರೆ ಗಾಬರಿಯಾಗಬೇಡಿ. ಮಶೀನಿನ ಮೇಜಿಗೆ ಸ್ವಲ್ಪ ಬಿರುಕು ಬಂದಿತ್ತು, ಈಗ ಸರಿಯಾಗಿದೆ.

ದೀಪಾವಳಿ ಮುಗಿದ ಮೇಲೆ ಚೌಕಟ್ಟು ಕೂರಿಸಿ ಬೋಲ್ಟು ಬಿಗಿಯುತ್ತಿದ್ದೆ. ಮೂರನೆಯದು ಅರ್ಧಕ್ಕೇ ಬಿಗಿಯಾಯಿತು. ಕಸ ಇರಬೇಕೆಂದು ಬೋಲ್ಟು ತಿರುಗಿಸುವ ಪಾನಾಕ್ಕೆ ಪೈಪು ಸಿಕ್ಕಿಸಿ ಜೋರಾಗಿ ಎಳೆದೆ. ಟಕ್ ಎಂದಿತು. ಬಗ್ಗಿ ನೋಡಿದರೆ ಮೇಜಿನಲ್ಲಿ ಬಿರುಕು.

ಎರಡು ಶೆಡ್ಡು ಆಚೆ ಅಮರ ಎಂಬವರಿದ್ದಾರೆ, ನಿಪ್ಪಾಣಿ ಕಡೆಯವರು. ಒಡೆದ ಬೀಡನ್ನು ಬೆಂಕಿ ತಾಗಿಸದೆ ಹೊಲಿಯುವುದೇ ಅವರ ಕೆಲಸ. ಅವರು ಬಂದು ಬೋಲ್ಟು ತಿರುವಿ ತೆಗೆದರು, ತೂತಿನ ತಳದಿಂದ ಎಣ್ಣೆ ಚಿಮ್ಮಿ ಅವರ ಅಂಗಿಯ ಮೇಲೆ ಬಿತ್ತು. "ಇದಕ್ಕ ಎಣ್ಣಿ ಯಾರು ಕುಡಿಸ್ಯಾರ್ರಿ?" ಎಂದರು. ಪೂಜೆಯ ಮಾತು ಹೇಳಿದೆ. ಅಮರ ನಗಲಿಲ್ಲ. "ಎಣ್ಣಿ ಎಲ್ಲಿ ಹೋಗಬೇಕ್ರಿ ಪಾಪ, ಕೆಳಗ ದಾರಿ ಇಲ್ಲ, ಮ್ಯಾಲ ಬೋಲ್ಟು. ಎಣ್ಣಿ ಕುಗ್ಗಂಗಿಲ್ಲ, ಬೀಡು ಬಾಗಂಗಿಲ್ಲ. ಬಿರೀಲೇಬೇಕು" ಎಂದರು.

ಅಮರ ಹೊಲಿಯುವುದನ್ನು ನೋಡಬೇಕು ನೀವು. ಬಿರುಕಿನ ಮೇಲೆ ಒಂದು ತೂತು, ಅದಕ್ಕೆ ಥ್ರೆಡ್ಡು, ಅದರೊಳಗೆ ಒಂದು ಸ್ಕ್ರೂ ಇಳಿಸಿ ತಲೆ ಕತ್ತರಿಸುತ್ತಾರೆ. ಮುಂದಿನ ತೂತು ಆ ಸ್ಕ್ರೂವನ್ನೂ ಅರ್ಧ ಕಚ್ಚಿಕೊಂಡು ಬರಬೇಕು. ಹೀಗೆ ಒಂದನ್ನೊಂದು ಹಿಡಿದುಕೊಂಡು ಅಂಚಿನವರೆಗೆ ಸಾಲು. ಕೊನೆಗೆ ಕಾನಸಿನಿಂದ ಉಜ್ಜಿ ಮಟ್ಟ ಮಾಡಿದರೆ ಹೊಲಿಗೆ ಕೈಗೆ ಗೊತ್ತೇ ಆಗುವುದಿಲ್ಲ. ನಾನೂ ಕೆಲವಕ್ಕೆ ಟ್ಯಾಪ್ ತಿರುಗಿಸಿದೆ. ಅಮರ ನನ್ನ ಕೈ ನೋಡಿ, "ಯಾರು ಕಲಿಸ್ಯಾರ್ರಿ?" ಎಂದರು. ನಮ್ಮ ಮಾವನವರು, ಕಾಗದದಲ್ಲಿ, ಎಂದೆ. ಅಮರ ನಂಬಲಿಲ್ಲ.

ನಿಮ್ಮ ಸೊಸೆ,
ನೀತಾ


ಬೆಳಗಾವಿ
೨೮ ನವೆಂಬರ್ ೨೦೨೩

ಚಿ. ನೀತಾಳಿಗೆ,

ಕಾಗದ ತಲುಪಿತು.

ಬಸವಣ್ಣೆವ್ವ ಬದುಕಿರುವವರೆಗೆ ಆ ಮಶೀನಿಗೆ ಎಣ್ಣೆ ಹಾಕಿದಳು. ಆಗ ಏನೂ ಬಿರಿಯಲಿಲ್ಲ. ನಿನ್ನ ಬೋಲ್ಟು ತೂತಿಗಿಂತ ಉದ್ದವಿದ್ದಿರಬೇಕು. ಪರಿಚಯವಿಲ್ಲದವರು ಬಂದು ಸತ್ತವಳ ಮೇಲೆ ತಪ್ಪು ಹೊರಿಸುವುದು ನನಗೆ ಸರಿಬರುವುದಿಲ್ಲ.

ನಿನ್ನ ಕಾಗದದ ತುಂಬ ಅಮರ ಅಮರ ಎಂದೇ ಇದೆ. ಅಭಿಲಾಷನ ಹೆಸರು ಒಮ್ಮೆಯೂ ಇಲ್ಲ. ಓದುವವರಿಗೆ ಕಣ್ಣು ಇರುತ್ತದೆ. ಶೆಡ್ಡಿಗೆ ಕಾಲಿಟ್ಟವರು ನಾಳೆ ಬೋರ್ಡಿಗೂ ಕೈ ಹಾಕುತ್ತಾರೆ. ಭೋಸರಿಯಲ್ಲಿ ಹಾಗೆ ಹೋದ ಶೆಡ್ಡುಗಳನ್ನು ನಾನು ನೋಡಿದ್ದೇನೆ.

ಮೇಜನ್ನು ನಾನೇ ಬಂದು ನೋಡುತ್ತೇನೆ.

ಸಿದ್ದಾರೂಢ


ಭೋಸರಿ
೨೧ ಡಿಸೆಂಬರ್ ೨೦೨೩

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಬಂದು ನೋಡುತ್ತೇನೆ ಎಂದು ಬರೆದಿದ್ದಿರಿ. ದಿನಾ ನಿಮ್ಮ ದಾರಿ ಕಾದೆ. ನಿಮಗೆ ಬೇಕೆಂದು ಜೋಳದ ಹಿಟ್ಟು ಬೀಸಿಸಿ ಇಟ್ಟೆ, ಅದು ಹುಳ ಹಿಡಿಯಿತು. ಫೋನು ಮಾಡಿದರೆ ಮಾಧುರಿ ಅಕ್ಕ, "ಮಲಗ್ಯಾರ" ಎನ್ನುತ್ತಾರೆ. ಹಗಲು ನಿದ್ದೆ ನಿಮಗೆ ಯಾವಾಗಿನಿಂದ?

ಅತ್ತೆಯವರ ಮೇಲೆ ಯಾರೂ ತಪ್ಪು ಹೊರಿಸಿಲ್ಲ. ತಪ್ಪು ನನ್ನದು. ಅವರ ಕಾಲದ ತೂತುಗಳು ಆಚೆಗೆ ತೆರೆದಿದ್ದವು, ಇವು ಮುಚ್ಚಿದವು. ನನಗೆ ಅದು ಹೊಳೆಯಲಿಲ್ಲ. ಬೇಕಾದರೆ ನಾಲ್ಕು ಮಾತು ಬೈದು ಬರೆಯಿರಿ. ಮೈಗೆ ಹುಷಾರಿಲ್ಲದಿದ್ದರೆ ಅದನ್ನಾದರೂ ತಿಳಿಸಿ.

ನಿಮ್ಮ ಸೊಸೆ,
ನೀತಾ


ಭೋಸರಿ
೧೬ ಜನವರಿ ೨೦೨೪

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಸಂಕ್ರಾಂತಿಯ ಕುಸುರೆಳ್ಳು ಕಳಿಸಿದ್ದೇನೆ. ಇಲ್ಲಿ ಎಲ್ಲರೂ "ತಿಳಗೂಳ ಘ್ಯಾ, ಗೋಡ ಬೋಲಾ" ಎಂದು ಕೈಗೆ ಎಳ್ಳು ಹಾಕುತ್ತಾರೆ. ನೀವು ಸಿಹಿ ಮಾತಾಡದಿದ್ದರೂ ನಡೆಯುತ್ತದೆ, ಮಾತಾಡಿದರೆ ಸಾಕು.

ನೀವು ಉತ್ತರ ಬರೆಯುತ್ತಿಲ್ಲ. ಮಶೀನು ಒಡೆದೆನೆಂದು ಸಿಟ್ಟು ಅಂದುಕೊಂಡಿದ್ದೆ. ಅದಕ್ಕೆ ನೀವು ಇಷ್ಟು ದಿನ ಸಿಟ್ಟು ಮಾಡುವವರಲ್ಲ. ಹಾಗಾದರೆ ನನ್ನ ಕಾಗದದಲ್ಲಿ ನಾನು ಬರೆಯದೆ ಬಿಟ್ಟದ್ದನ್ನೇ ನೀವು ಓದಿದ್ದೀರಿ. ಈಗ ಬರೆದೇ ಬಿಡುತ್ತೇನೆ.

ಬಿರುಕು ಸ್ವಲ್ಪವಲ್ಲ. ಮೇಜಿನ ಅಂಚಿನವರೆಗೂ ಹೋಗಿತ್ತು. ಅಮರ ಒಂದು ದಿನ ಬಂದು ಹೋದವರಲ್ಲ. ಕಳೆದ ವರ್ಷದಿಂದ ಸಂಜೆ ಚಹಾಕ್ಕೆ ಬರುತ್ತಾರೆ. ಅವರೂ ಹೆಂಡತಿಯನ್ನು ಕಳೆದುಕೊಂಡವರು, ಅಭಿಲಾಷ ಹೋದ ಬೇಸಿಗೆಯಲ್ಲೇ, ಅದೇ ರೋಗಕ್ಕೆ. ಮೊದಮೊದಲು ಆಸ್ಪತ್ರೆಯ ಮಾತೇ ಆಡುತ್ತಿದ್ದೆವು. ಆಮೇಲೆ ಟ್ಯಾಪು, ಡ್ರಿಲ್ಲು. ಆಮೇಲೆ ಎಲ್ಲವೂ. ಮೊನ್ನೆ ಮದುವೆಯ ಮಾತೆತ್ತಿದರು. "ನಿಮ್ಮ ಮಾವನವರ ಮುಂದ ಕುಂತು ಕೇಳತೇನ್ರಿ. ಅವರು ಬ್ಯಾಡ ಅಂದ್ರ ಬ್ಯಾಡ" ಎಂದರು. ನನಗೂ ಮನಸ್ಸಿದೆ. ನಿಮ್ಮ ಮುಂದೆ ಸುಳ್ಳು ಹೇಳಲಾರೆ, ಅವರು ಬರುವ ಹೊತ್ತಿಗೆ ನಾನು ಮುಖ ತೊಳೆದುಕೊಳ್ಳುತ್ತೇನೆ.

ಅಭಿಲಾಷನನ್ನು ಮರೆತಿಲ್ಲ. ಮರೆಯುವಂಥವನೂ ಅಲ್ಲ ಅವನು. ನನ್ನ ಹೆದರಿಕೆ ಬೇರೆ. ನಮ್ಮ ಕಡೆ ಗಂಡ ಸತ್ತ ಮೇಲೆ ಉಡಿಕಿ ಮಾಡಿಕೊಂಡು ಬೇರೆ ಮನೆ ಸೇರಿದ ಹೆಣ್ಣು ಮೊದಲಿನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ನಮ್ಮ ಓಣಿಯ ಒಬ್ಬಾಕೆ ಹಾಗೆ ಹೋದಳು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಅವಳ ಮೊದಲಿನ ಅತ್ತೆ ಎದುರಾದರು. ಇಬ್ಬರೂ ಬೇರೆ ಬೇರೆ ಕಡೆ ಮುಖ ಮಾಡಿ, ಬಸ್ಸು ಬರುವವರೆಗೂ ನಿಂತೇ ಇದ್ದರು. ಇಬ್ಬರ ಕಣ್ಣಲ್ಲೂ ನೀರು. ನಾನು ಚಿಕ್ಕವಳು, ಇದೇನು ಹುಚ್ಚು ಎಂದುಕೊಂಡಿದ್ದೆ. ಈಗ ಆ ಜಾಗದಲ್ಲಿ ನಿಮ್ಮನ್ನೂ ನನ್ನನ್ನೂ ನಿಲ್ಲಿಸಿ ನೋಡಿದರೆ ಅನ್ನ ಇಳಿಯುವುದಿಲ್ಲ.

ಬೇರೆ ಮನೆಯ ಸೊಸೆಯಾದ ಮೇಲೆ ನಿಮಗೆ ಏನೆಂದು ಬರೆಯಬೇಕು? ಬರೆದರೆ ನೀವು ಒಡೆದು ಓದುತ್ತೀರಾ? ಇಲ್ಲ ಎನ್ನುವುದಾದರೆ ಈಗಲೇ ತಿಳಿಸಿ. ನಾನು ಅಮರ ಅವರಿಗೆ ಬೇಡ ಎನ್ನುತ್ತೇನೆ. ನಿಮ್ಮನ್ನು ಹೆದರಿಸಲು ಹೀಗೆ ಬರೆದದ್ದಲ್ಲ. ಒಬ್ಬರನ್ನು ಪಡೆಯಲು ನಿಮ್ಮನ್ನು ಕೊಡಬೇಕಾದರೆ ನನಗೆ ಅದು ಆಗದು.

ನೀತಾ


ಬೆಳಗಾವಿ
೪ ಫೆಬ್ರವರಿ ೨೦೨೪

ಚಿ. ಕುಂ. ಸೌ. ನೀತಾಳಿಗೆ ಮಾವನ ಆಶೀರ್ವಾದಗಳು.

ಮೇಲೆ ಚಿ. ಕುಂ. ಸೌ. ಎಂದು ಬರೆದದ್ದು ಕೈ ತಪ್ಪಿ ಅಲ್ಲ. ಲಗ್ನಪತ್ರಿಕೆಯಲ್ಲಿ ಹೀಗೇ ಹಾಕಿಸಬೇಕು.

ಡಿಸೆಂಬರಿನಲ್ಲಿ ನಾನು ಪುಣೆಗೆ ಬಂದಿದ್ದೆ. ಹುಬ್ಬಳ್ಳಿಯ ಮಠಕ್ಕೆ ಹೋಗುತ್ತೇನೆಂದು ಮಾಧುರಿಗೆ ಸುಳ್ಳು ಹೇಳಿ ಬಸ್ಸು ಹತ್ತಿದೆ. ಸ್ವಾರಗೇಟಿನಲ್ಲಿ ಇಳಿದು ಮೊದಲು ಸದಾಶಿವ ಪೇಠಕ್ಕೆ ಹೋದೆ. ನಮ್ಮ ವಾಡೆ ಇಲ್ಲ, ಅಲ್ಲಿ ಟ್ಯೂಶನ್ ಕ್ಲಾಸಿನ ಬೋರ್ಡುಗಳು, ಸ್ಕೂಟರುಗಳು. ಬಸವಣ್ಣೆವ್ವ ಬಟ್ಟೆ ಬಡಿಯುತ್ತಿದ್ದ ಕಲ್ಲು ಎಲ್ಲಿತ್ತು ಎಂಬುದೂ ಗೊತ್ತಾಗಲಿಲ್ಲ. ಎಲ್ಲವನ್ನೂ ಕಸಿದುಕೊಂಡಿದ್ದಾರೆ ಎಂಬ ಸಿಟ್ಟಿನಲ್ಲೇ ಭೋಸರಿಗೆ ಬಂದೆ.

ಶೆಡ್ಡಿನ ಎದುರಿನ ಚಹಾದ ಗಾಡಿಯ ಹತ್ತಿರ ನಿಂತೆ. ಬಾಗಿಲು ತೆರೆದಿತ್ತು. ನೀನು ಬಗ್ಗಿ ಟ್ಯಾಪ್ ತಿರುಗಿಸುತ್ತಿದ್ದೆ, ಅವನು ಬ್ಯಾಟರಿ ಹಿಡಿದು ಬೆಳಕು ತೋರಿಸುತ್ತಿದ್ದ. ನನ್ನ ಮಗ ನಿಲ್ಲುವ ಜಾಗದಲ್ಲಿ ಮತ್ತೊಬ್ಬ. ಹೊಟ್ಟೆ ಉರಿಯಿತು, ಯಾಕೆ ಮುಚ್ಚಿಡಲಿ. ಒಳಗೆ ಬಂದು ಕೂಗಾಡಬೇಕೆಂದೇ ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಅವನು ಏನೋ ಅಂದ, ನೀನು ನಕ್ಕೆ. ಕೆನ್ನೆಗೆಲ್ಲ ಬೀಡಿನ ಕಪ್ಪು, ಆ ಕಪ್ಪಿನಲ್ಲೇ ತಲೆ ಹಿಂದಕ್ಕೆ ಹಾಕಿ ನಕ್ಕೆ. ಅಭಿಲಾಷ ಹೋದ ಮೇಲೆ ನಿನ್ನ ನಗು ನಾನು ಕೇಳಿರಲಿಲ್ಲ. ಫೋನಿನಲ್ಲಿ ನಿನ್ನ "ಆರಾಮ್ರಿ" ಕೇಳಿ ಕೇಳಿ, ನೀನು ನಗುವುದೇ ಹೀಗೆ ಎಂದು ಮರೆತಿದ್ದೆ.

ನಾನು ಒಳಗೆ ಬಂದರೆ ನೀನು ದುಪಟ್ಟಾ ಸರಿಮಾಡಿಕೊಂಡು, ನಗು ನುಂಗಿ, "ಬರ್ರಿ ಮಾವಾ" ಎನ್ನುತ್ತಿದ್ದೆ. ಆ ನಗು ನಿಲ್ಲಿಸುವವನು ನಾನಾಗಬಾರದು ಅನ್ನಿಸಿತು. ಚಹಾ ಅರ್ಧಕ್ಕೇ ಬಿಟ್ಟು ತಿರುಗಿ ಬಂದೆ. ಬಂದವನು ನಿನಗೆ ಏನೆಂದು ಬರೆಯಲಿ? ನೋಡಿಲ್ಲವೆಂದು ಬರೆದರೆ ಸುಳ್ಳು, ನೋಡಿದೆನೆಂದು ಬರೆದರೆ ನೀನು ನಾಚುತ್ತೀ. ಸುಮ್ಮನಿದ್ದೆ. ನನ್ನ ಸುಮ್ಮನಿರುವಿಕೆ ನಿನ್ನನ್ನು ಇಷ್ಟು ಸುಡುತ್ತದೆಂದು ತಿಳಿಯಲಿಲ್ಲ. ಮುದುಕರ ಬುದ್ಧಿ.

ಎಣ್ಣೆಯ ಮಾತಿನಲ್ಲೂ ಅವನೇ ಸರಿ. ಹೊಸ ತೂತಿಗೆ ಎಣ್ಣೆ ತುಂಬಿದೆನೆಂದು ನೀನು ಮೊದಲೇ ಬರೆದಿದ್ದೆ. ಓದಿದವನು ಫಿಟ್ಟರ್ ಆಗಿದ್ದರೆ, ಬೋಲ್ಟು ಹಾಕುವ ಮೊದಲು ಒರೆಸಿ ತೆಗೆ ಎಂದು ಮರುಟಪಾಲಿಗೇ ತಿಳಿಸುತ್ತಿದ್ದ. ಆ ಕಾಗದ ಓದಿದವನು ಬಸವಣ್ಣೆವ್ವನ ಗಂಡ.

ಬೋರ್ಡಿನ ಮೇಲೆ ಯಾರ ಹೆಸರಿರಬೇಕು, ನೀವಿಬ್ಬರು ನೋಡಿಕೊಳ್ಳಿ. ಆ ಬೋರ್ಡಿನೊಳಗೆ ನನ್ನ ಮಗ ಇಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಈ ಚಳಿಗಾಲ ಪೂರ್ತಿ ಬೇಕಾಯಿತು.

ಇನ್ನು ನಿನ್ನ ಪ್ರಶ್ನೆ. ಏನೆಂದು ಬರೆಯಬೇಕು ಎಂದು ಕೇಳಿದ್ದೀ. ಮಾವನವರಿಗೆ ಎಂದೇ ಬರೆ. ಅಪ್ಪ ಎಂದು ಬರೆಯಬೇಡ, ನಿನ್ನ ಅಪ್ಪನ ಜಾಗ ಅವರಿಗೇ ಇರಲಿ. ನಾನು ನಿನ್ನ ಮಾವ. ಮಗ ಹೋದ ಮೇಲೂ ಮಾವನಾಗಿಯೇ ಇದ್ದೆನಲ್ಲ, ಅಳಿಯನಂಥವನೊಬ್ಬ ಬಂದರೆ ಅದು ಹೇಗೆ ತಪ್ಪುತ್ತದೆ?

ಉಡಿಕಿಗೆ ಮೊದಲಿನ ಮನೆಯವರು ಮುಖ ತೋರಿಸುವುದಿಲ್ಲ ಎಂದು ಮಾಧುರಿ ನೆನಪಿಸಿದಳು. ಗೊತ್ತು, ನಾನೇನು ನಿನ್ನೆ ಹುಟ್ಟಿದವನೇ. ನಾನು ಬರುತ್ತೇನೆ. "ಹೆಣ್ಣಿಗೆ ನೀವು ಏನಾಗಬೇಕ್ರಿ?" ಎಂದು ನಿಪ್ಪಾಣಿಯವರು ಯಾರಾದರೂ ಕೇಳಿಯೇ ಕೇಳುತ್ತಾರೆ. "ದೂರದ ಸಂಬಂಧಿ ಅಂತ ಹೇಳ್ರಿ ಅಪ್ಪಾ" ಎಂದು ಮಾಧುರಿ ಹೇಳಿಕೊಟ್ಟಿದ್ದಾಳೆ. ಅದಾಗದು. ಹೆಣ್ಣಿನ ಮಾವ ಎಂದೇ ಹೇಳುವವನು ನಾನು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ನೋಡಿಕೊಳ್ಳಲಿ. ಊಟಕ್ಕೆ ಎಲೆ ಹಾಕುವಾಗ ಹೆಣ್ಣಿನ ಕಡೆಯವರ ಪಂಕ್ತಿಯಲ್ಲಿ ನನಗೊಂದು ಜಾಗ ಹಿಡಿದಿಡು.

ನಿನ್ನ ಮಾವ,
ಸಿದ್ದಾರೂಢ